ಕೊನೆಯ ದಿನದ ಸರತಿ ಸಾಲು ಯಾರ ಸೃಷ್ಟಿ?

ಆಡಳಿತ ಕೈಬದಲಾಗುವ ಕಾಲದಲ್ಲಿ ಅರ್ಜಿದಾರರು ಕಚೇರಿಗಳ ಮುಂದೆ ಮುಗಿಬೀಳುವುದು ಹೊಸ ಸಂಗತಿಯಲ್ಲ. ಅಂಥ ನೂಕುನುಗ್ಗಲು ಕಂಡಾಗಲೆಲ್ಲ ಅಧಿಕಾರಿ ವರ್ಗದಿಂದ ಬರುವ ಸಮಜಾಯಿಷಿಯೂ ಹೊಸದಲ್ಲ: ‘ಜನ ಕೊನೆಯ ದಿನದವರೆಗೂ ಮೈಮರೆತು ಕೂತಿರುತ್ತಾರೆ.’ ವ್ಯಾಪಾರಿ ವಲಯದಲ್ಲಿಯೂ ಈ ಮಾತಿಗೆ ತಲೆದೂಗುವವರೇ ಹೆಚ್ಚು. ತೆರಿಗೆ ವಿವರಪಟ್ಟಿ ಸಲ್ಲಿಸಲು ಜುಲೈ 31ರ ರಾತ್ರಿ ಕಡತ ಹಿಡಿದು ಬರುವ ಕಕ್ಷಿದಾರರನ್ನು ಕಂಡ ಲೆಕ್ಕಿಗರಂತೂ ಇದನ್ನು ಪ್ರತಿ ವರ್ಷ ಆಡುತ್ತಾರೆ.

ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಒರೆಗೆ ಹಚ್ಚಲು ಇತಿಹಾಸ ಒಂದು ಅಪರೂಪದ ನಿದರ್ಶನವನ್ನು ಉಳಿಸಿಕೊಟ್ಟಿದೆ. ಅದು 1997ಕ್ಕೆ ಮುಂಚಿನ ಹಾಂಗ್‌ಕಾಂಗ್. ಒಂದೇ ಸರಕಾರ, ಒಂದೇ ವಲಸೆ ಇಲಾಖೆ, ಒಂದೇ ಊರಿನ ಜನ. ಆದರೆ ಅರ್ಜಿಗಳು ಎರಡು ಬಗೆಯವು, ಅವುಗಳಿಗೆ ವಿಧಿಸಿದ ಗಡುವುಗಳು ಎರಡು ರೀತಿಯವು. ಒಂದರಲ್ಲಿ ಲಕ್ಷಾಂತರ ಜನರ ಕೆಲಸ ವರ್ಷಗಳ ಕಾಲಾವಧಿಯಲ್ಲಿ ಹಂಚಿಹೋಯಿತು. ಇನ್ನೊಂದರಲ್ಲಿ ಸರತಿ ಸಾಲು ಕಚೇರಿಯ ಕಟ್ಟಡ ಮೀರಿ ಹತ್ತಿರದ ಕ್ರೀಡಾಂಗಣಕ್ಕೆ ಹರಿಯಿತು.

ಸೋಲದೇವನಹಳ್ಳಿಯ ಷೆಡ್‌ವೊಂದರಲ್ಲಿ ಎರಡು ಲೇತ್ ಯಂತ್ರ ಇಟ್ಟುಕೊಂಡು ಪೀಣ್ಯದ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡಿಕೊಡುವ ಉದ್ಯಮಿಗೆ ಹಾಂಗ್‌ಕಾಂಗ್‌ನ ಪೌರತ್ವದ ಗೋಜು ಏಕೆ ಎಂದು ಓದುಗರು ಕೇಳಬಹುದು. ಹೆಸರಘಟ್ಟ ರಸ್ತೆಯ ಈ ಊರು ಮಹಾನಗರದ ಅಂಚಿನಲ್ಲಿದೆ. ಅಂಚಿನ ಊರುಗಳ ಪಾಲಿಗೆ ಆಡಳಿತದ ಗಡಿ ಎಂಬುದು ಸ್ಥಿರವಾದ ವಸ್ತುವಲ್ಲ. ಗಡಿ ಸರಿದಾಗ ರಾಷ್ಟ್ರೀಯತೆ ಬದಲಾಗದಿರಬಹುದು. ಖಾತಾ ಬದಲಾಗುತ್ತದೆ, ತೆರಿಗೆ ಬದಲಾಗುತ್ತದೆ, ಪರವಾನಗಿ ಕೊಡುವ ಕಚೇರಿ ಬದಲಾಗುತ್ತದೆ. ಆಗ ಅರ್ಜಿದಾರನಿಗೆ ಎದುರಾಗುವ ಪ್ರಶ್ನೆಗಳು ಹಾಂಗ್‌ಕಾಂಗ್ ನಿವಾಸಿಗೆ ಎದುರಾದವುಗಳೇ: ಹಳೆಯ ಕಾಗದ ನಡೆಯುವುದೇ? ಹೊಸದಕ್ಕೆ ಎಂದಿನೊಳಗೆ ಅರ್ಜಿ ಹಾಕಬೇಕು? ತಡವಾದರೆ ಕಳೆದುಕೊಳ್ಳುವುದೇನು?

ಹನ್ನೆರಡು ವರ್ಷ ಮೊದಲೇ ಗೊತ್ತಿದ್ದ ತಾರೀಖು

ಹಾಂಗ್‌ಕಾಂಗ್ ಹಸ್ತಾಂತರದ ಒಪ್ಪಂದಕ್ಕೆ ಬ್ರಿಟನ್ ಮತ್ತು ಚೀನಾ ಸಹಿ ಹಾಕಿದ್ದು 1984ರ ಡಿಸೆಂಬರ್ 19ರಂದು. 1997ರ ಜುಲೈ 1ರಂದು ಸಾರ್ವಭೌಮತ್ವ ಚೀನಾಕ್ಕೆ ಮರಳುವುದೆಂದು ಅಂದೇ ನಿಶ್ಚಯವಾಯಿತು. ಅಂದರೆ ಜನರಿಗೂ ಸರಕಾರಕ್ಕೂ ಹನ್ನೆರಡೂವರೆ ವರ್ಷಗಳ ಮುನ್ಸೂಚನೆ ಇತ್ತು. ಇಷ್ಟು ದೀರ್ಘವಾದ ನೋಟೀಸು ಜಗತ್ತಿನ ಆಡಳಿತ ಚರಿತ್ರೆಯಲ್ಲಿ ಕಾಣಸಿಗುವುದು ವಿರಳ.

ಅಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಬ್ರಿಟಿಷ್ ಅಧೀನ ಪ್ರಾಂತ್ಯಗಳ ಪೌರರೆಂಬ ಸ್ಥಾನ ಹೊಂದಿದ್ದರು. ಹಸ್ತಾಂತರದೊಡನೆ ಆ ಸ್ಥಾನ ಹಾಂಗ್‌ಕಾಂಗ್ ಸಂಬಂಧದ ಮಟ್ಟಿಗೆ ರದ್ದಾಗಲಿತ್ತು. ಅದರ ಬದಲಿಗೆ 1987ರ ಜುಲೈ 1ರಿಂದ ‘ಸಾಗರೋತ್ತರ ಬ್ರಿಟಿಷ್ ಪ್ರಜೆ’ ಎಂಬ ಹೊಸ ಸ್ಥಾನವನ್ನು ಸೃಷ್ಟಿಸಲಾಯಿತು. ಸಂಕ್ಷಿಪ್ತವಾಗಿ ಬಿಎನ್‌ಓ. ಇದರಿಂದ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ದೊರೆಯುತ್ತಿರಲಿಲ್ಲ. ಪ್ರಯಾಣದ ಪಾಸ್‌ಪೋರ್ಟು, ಬ್ರಿಟಿಷ್ ರಾಯಭಾರ ಕಚೇರಿಗಳ ನೆರವು, ಇಷ್ಟೇ. ಆದರೂ ಈ ಸ್ಥಾನ ತಾನಾಗಿ ಬರುವಂಥದಾಗಿರಲಿಲ್ಲ. ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕಿತ್ತು.

ಲಕ್ಷಗಟ್ಟಲೆ ಜನ ಏಕಕಾಲಕ್ಕೆ ಬಂದರೆ ಗತಿಯೇನೆಂದು ಇಲಾಖೆ ಮುಂದಾಗಿಯೇ ಯೋಚಿಸಿತು. 1993ರಲ್ಲಿ ಹೊರಡಿಸಿದ ಆದೇಶದ ಮೂಲಕ ಅರ್ಜಿದಾರರನ್ನು ಹುಟ್ಟಿದ ವರ್ಷದ ಪ್ರಕಾರ ತಂಡಗಳನ್ನಾಗಿ ವಿಂಗಡಿಸಿ, ತಂಡಕ್ಕೊಂದು ಗಡುವನ್ನು ಗೊತ್ತುಮಾಡಲಾಯಿತು. 1967ರಿಂದ 1971ರೊಳಗೆ ಹುಟ್ಟಿದವರಿಗೆ ಮೊದಲ ಸರದಿ. ಅವರ ಕಾಲಾವಕಾಶ 1993ರಲ್ಲಿಯೇ ಮುಗಿಯಿತು. ಬಳಿಕ ಉಳಿದ ವಯೋಮಾನದವರು ಒಂದರ ಹಿಂದೊಂದರಂತೆ ಬಂದರು. ಮಕ್ಕಳ ಸರದಿ ಕೊನೆಗೆ ಇತ್ತು. 1997ರಲ್ಲಿ ಹಸ್ತಾಂತರಕ್ಕೆ ತುಸು ಮುಂಚೆ ಹುಟ್ಟಿದ ಕೂಸುಗಳಿಗೆ ಆ ವರ್ಷದ ಸೆಪ್ಟೆಂಬರ್ ಕೊನೆಯವರೆಗೂ ಅವಕಾಶವಿತ್ತು. ಹುಟ್ಟಿದ ವರ್ಷ ಎಂಬ ಆಧಾರವೇ ಜಾಣತನದ್ದು. ಅದನ್ನು ಯಾರೂ ಬದಲಾಯಿಸಲಾರರು, ಅದಕ್ಕಾಗಿ ಯಾರ ಶಿಫಾರಸೂ ಬೇಕಿಲ್ಲ, ಮನೆಯ ಗೋಡೆಗೆ ಅಂಟಿಸಿದ ಪಟ್ಟಿ ನೋಡಿದರೆ ತನ್ನ ಸರದಿ ಯಾವಾಗ ಎಂಬುದು ಪ್ರತಿಯೊಬ್ಬನಿಗೂ ತಿಳಿಯುತ್ತದೆ. ಹೀಗೆ 30 ಲಕ್ಷಕ್ಕೂ ಹೆಚ್ಚು ಮಂದಿ ಈ ಸ್ಥಾನ ಪಡೆದರು.

ಇನ್ನೊಂದು ಬಗೆಯ ಅರ್ಜಿದಾರರು ಚೀನಾದ ಮುಖ್ಯ ಭೂಭಾಗದಿಂದ ಬಂದು ಹಾಂಗ್‌ಕಾಂಗ್‌ನಲ್ಲಿ ನೆಲೆಸಿದವರು. ಇವರಿಗೆ ಹುಟ್ಟಿನಿಂದ ಬ್ರಿಟಿಷ್ ಸ್ಥಾನವಿರಲಿಲ್ಲ. ಮೊದಲು ಅಧೀನ ಪ್ರಾಂತ್ಯದ ಪೌರತ್ವಕ್ಕೆ ಅರ್ಜಿ ಹಾಕಿ, ಅದು ಮಂಜೂರಾದ ಮೇಲೆ ಬಿಎನ್‌ಓ ನೋಂದಣಿಗೆ ಬರಬೇಕಿತ್ತು. ಎರಡು ಮೆಟ್ಟಿಲುಗಳ ಕೆಲಸ. ಎರಡೂ 1997ರ ಜೂನ್ ಒಳಗೆ ಮುಗಿಯಬೇಕಾದರೆ ಮೊದಲ ಅರ್ಜಿ 1996ರ ಮಾರ್ಚ್ 31ರ ಒಳಗೆ ಬರತಕ್ಕದ್ದು ಎಂದು ಸರಕಾರ ನಿಗದಿಪಡಿಸಿತು. ಇಲ್ಲಿ ಹುಟ್ಟಿದ ವರ್ಷವಿಲ್ಲ, ತಂಡವಿಲ್ಲ, ಸರದಿಯಿಲ್ಲ. ಎಲ್ಲರಿಗೂ ಒಂದೇ ದಿನ.

ಮಾರ್ಚ್ ಕೊನೆಯ ವಾರದಲ್ಲಿ ವಾನ್‌ಚಾಯ್ ಪ್ರದೇಶದ ವಲಸೆ ಇಲಾಖೆಯ ಗೋಪುರದ ಸುತ್ತ ಸಾಲು ಬೆಳೆಯಿತು. ಹಗಲಿನ ಸಾಲು ಇರುಳಿಗೂ ಮುಂದುವರಿಯಿತು. ಬೀದಿಗಳಲ್ಲಿ ಸ್ಥಳ ಸಾಲದೆ ಜನರನ್ನು ವಾನ್‌ಚಾಯ್ ಕ್ರೀಡಾಂಗಣಕ್ಕೆ ತಿರುಗಿಸಬೇಕಾಯಿತು. ಕೊನೆಯ ದಿನವೊಂದರಲ್ಲಿಯೇ ಸ್ವೀಕರಿಸಿದ ಅರ್ಜಿಗಳು 54,000ಕ್ಕೂ ಹೆಚ್ಚು. ಒಬ್ಬೊಬ್ಬ ಅರ್ಜಿದಾರ ಕೇವಲ ಒಂದು ದಿನದ ದುಡಿಮೆ ಕಳೆದುಕೊಂಡನೆಂದು ಹಿಡಿದರೂ ಅದು 54,000 ಮಾನವ ದಿನ. ವರ್ಷಕ್ಕೆ 300 ದಿನಗಳ ಕೆಲಸವೆಂಬ ಲೆಕ್ಕದಲ್ಲಿ 180 ಜನ ಕೆಲಸಗಾರರ ಒಂದು ಕಾರ್ಖಾನೆ ಇಡೀ ವರ್ಷ ನಡೆಯುವಷ್ಟು ದುಡಿಮೆ. ಯಾವ ಆಯವ್ಯಯ ಪತ್ರದಲ್ಲಿಯೂ ಈ ಖರ್ಚು ದಾಖಲಾಗುವುದಿಲ್ಲ, ಯಾವ ಲೆಕ್ಕ ತಪಾಸಣೆಯೂ ಇದನ್ನು ಎತ್ತಿ ತೋರಿಸುವುದಿಲ್ಲ.

ಕಾದು ನೋಡುವವನ ಲೆಕ್ಕಾಚಾರ

ಹನ್ನೆರಡು ವರ್ಷ ಕಾಲಾವಕಾಶವಿದ್ದೂ ಕೊನೆಯ ವಾರಕ್ಕೆ ಬಂದವರನ್ನು ಸೋಮಾರಿಗಳೆಂದು ಕರೆಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿದರೆ ಚಿತ್ರ ಬೇರೆ. ಈ ಕಾಗದದಿಂದ ಏನು ಸಿಗುವುದೆಂದು ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ಹೊಸ ಆಡಳಿತ ನೀಡುವ ಪಾಸ್‌ಪೋರ್ಟಿಗೆ ಎಷ್ಟು ದೇಶಗಳು ಮನ್ನಣೆ ನೀಡುವುವು ಎಂಬುದೂ ತಿಳಿದಿರಲಿಲ್ಲ. 1996ರ ಮಾರ್ಚ್ ಆರಂಭದಲ್ಲಿ ಬ್ರಿಟನ್ನಿನ ಪ್ರಧಾನಿ ಜಾನ್ ಮೇಜರ್ ಹಾಂಗ್‌ಕಾಂಗ್‌ಗೆ ಭೇಟಿ ನೀಡಿ, ಮುಂದೆ ಬರಲಿರುವ ಹಾಂಗ್‌ಕಾಂಗ್ ವಿಶೇಷ ಆಡಳಿತ ಪ್ರದೇಶದ ಪಾಸ್‌ಪೋರ್ಟು ಹೊಂದಿದವರಿಗೂ ವೀಸಾ ಇಲ್ಲದೆ ಬ್ರಿಟನ್ನಿಗೆ ಪ್ರವೇಶವಿರುತ್ತದೆ ಎಂದು ಘೋಷಿಸಿದರು. ಬ್ರಿಟಿಷ್ ಕಾಗದದ ಮುಖ್ಯ ಪ್ರಯೋಜನವೊಂದು ಈ ಘೋಷಣೆಯಿಂದ ಕಡಿಮೆಯಾಯಿತು. ಹಾಗಿದ್ದೂ ಸಾಲು ಕರಗಲಿಲ್ಲ.

ವ್ಯಾಪಾರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಬೆಲೆ ಗೊತ್ತಿಲ್ಲದ ಸರಕನ್ನು ಮೊದಲ ದಿನವೇ ಕೊಳ್ಳುವವನು ಅಪರೂಪ. ಖರೀದಿಯ ಬಾಗಿಲು ಮುಚ್ಚುವ ತಾರೀಖು ತಿಳಿದಿದ್ದರೆ, ಅಲ್ಲಿಯವರೆಗೆ ಸುದ್ದಿ ಸಂಗ್ರಹಿಸಿ ಕೊನೆಗೆ ನಿರ್ಧರಿಸುವುದು ವಿವೇಕವೇ ಹೊರತು ಆಲಸ್ಯವಲ್ಲ. ಪ್ರತಿಯೊಬ್ಬನ ಮಟ್ಟಿಗೆ ವಿವೇಕವಾದದ್ದು ಎಲ್ಲರೂ ಮಾಡಿದಾಗ ಕ್ರೀಡಾಂಗಣ ತುಂಬುತ್ತದೆ. ಅರ್ಜಿದಾರರಿಗೆ ಬುದ್ಧಿಮಾತು ಹೇಳುವ ಜಾಹೀರಾತುಗಳು ಈ ಲೆಕ್ಕಾಚಾರವನ್ನು ಅಲುಗಾಡಿಸಲಾರವು. ಗಡುವನ್ನು ತುಂಡು ಮಾಡಿ ಹಂಚಿದರೆ ಮಾತ್ರ ಅದು ಬದಲಾಗುತ್ತದೆ. ಬಿಎನ್‌ಓ ನೋಂದಣಿಯಲ್ಲಿ ಆದದ್ದು ಇದೇ. ಅಲ್ಲಿಯೂ ಜನ ತಮ್ಮ ತಂಡದ ಕೊನೆಯ ದಿನಗಳಿಗೆ ಕಾದಿರಬಹುದು, ಆದರೆ ಕಾದವರು ಆ ಒಂದು ತಂಡದವರು ಮಾತ್ರ.

ಹಾಂಗ್‌ಕಾಂಗ್ ಸರಕಾರದ ಬಗ್ಗೆ ಎರಡು ಒಳ್ಳೆಯ ಮಾತನ್ನೂ ಹೇಳಬೇಕು. ಗಡುವನ್ನು ಅದು ಮುಂದೂಡಲಿಲ್ಲ. ಗಡುವು ಮುಂದೂಡುವುದನ್ನು ನಮ್ಮಲ್ಲಿ ಔದಾರ್ಯವೆಂದು ಕೊಂಡಾಡಲಾಗುತ್ತದೆ; ವಾಸ್ತವದಲ್ಲಿ ಅದು ಸಕಾಲದಲ್ಲಿ ಬಂದವನಿಗೆ ವಿಧಿಸಿದ ದಂಡ. ಒಮ್ಮೆ ಮುಂದೂಡಿದರೆ ಮುಂದಿನ ಸಲ ಯಾರೂ ತಾರೀಖನ್ನು ನಂಬುವುದಿಲ್ಲ. ಎರಡನೆಯದಾಗಿ, ಗಡುವಿನೊಳಗೆ ಬೇಕಿದ್ದುದು ಅರ್ಜಿಯ ಸ್ವೀಕೃತಿ ಮಾತ್ರ. ಪರಿಶೀಲನೆ, ಮಂಜೂರಾತಿ, ಪ್ರಮಾಣಪತ್ರ ಎಲ್ಲವೂ ಆಮೇಲೆ. ಮಾರ್ಚ್ 31ರಿಂದ ಹಸ್ತಾಂತರದವರೆಗೆ ಹದಿನೈದು ತಿಂಗಳ ಅಂತರ ಇರಿಸಿದ್ದು ಇದಕ್ಕಾಗಿಯೇ. ಕಿಟಕಿಯ ಬಳಿ ಕೂತ ಗುಮಾಸ್ತ ಅರ್ಜಿ ಪಡೆದು ಮುದ್ರೆ ಒತ್ತಿ ಮುಂದಿನವನನ್ನು ಕರೆಯಬಹುದಿತ್ತು. ಒಂದು ದಿನದಲ್ಲಿ 54,000 ಅರ್ಜಿ ಪಡೆಯಲು ಸಾಧ್ಯವಾದದ್ದೂ ಇದರಿಂದಲೇ.

ಹಾಂಗ್‌ಕಾಂಗ್‌ನ ಭಾರತೀಯ ಮೂಲದ ವರ್ತಕರ ಕಥೆ ಇದರಲ್ಲಿ ಬೇರೆಯೇ ಒಂದು ಅಧ್ಯಾಯ. ತಲೆಮಾರುಗಳಿಂದ ಅಲ್ಲಿ ವ್ಯಾಪಾರ ನಡೆಸಿದ ಸಿಂಧಿ, ಪಾರ್ಸಿ ಮೊದಲಾದ ಕುಟುಂಬಗಳಲ್ಲಿ ಭಾರತದ ಪೌರತ್ವವೂ ಇಲ್ಲದ, ಚೀನಾದ ಪೌರತ್ವವೂ ದೊರೆಯದ ಜನರಿದ್ದರು. 1955ರ ನಮ್ಮ ಪೌರತ್ವ ಕಾಯಿದೆಯ 9ನೇ ಕಲಮಿನ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವ‌ಇಚ್ಛೆಯಿಂದ ಪಡೆದವರ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಬಿಎನ್‌ಓ ಪಾಸ್‌ಪೋರ್ಟಿನಲ್ಲಿ ಎಲ್ಲಿಯೂ ನೆಲೆಸುವ ಹಕ್ಕಿರಲಿಲ್ಲ. ಹಾಗಾಗಿ ಕಾಗದ ಕೈಯಲ್ಲಿದ್ದೂ ದೇಶವಿಲ್ಲದ ಸ್ಥಿತಿ ಅವರ ಎದುರಿಗಿತ್ತು. ಇವರಿಗೆ ಪೂರ್ಣ ಬ್ರಿಟಿಷ್ ಪೌರತ್ವ ನೀಡುವ ಕಾಯಿದೆ ಬಂದದ್ದು 1997ರ ಮಾರ್ಚ್ 19ರಂದು, ಹಸ್ತಾಂತರಕ್ಕೆ ಮೂರೂವರೆ ತಿಂಗಳಷ್ಟೇ ಇದ್ದಾಗ. ಅದಕ್ಕೂ ಒಂದು ಗೆರೆ ಇತ್ತು: 1997ರ ಫೆಬ್ರವರಿ 4ಕ್ಕೆ ಮುನ್ನ ಹಾಂಗ್‌ಕಾಂಗ್‌ನ ಸಾಮಾನ್ಯ ನಿವಾಸಿಯಾಗಿರಬೇಕು. ಹತ್ತಾರು ವರ್ಷ ತೆರಿಗೆ ಕಟ್ಟಿದ ವರ್ತಕ ಸಮುದಾಯವೊಂದು ಕೊನೆಯ ಗಳಿಗೆಯವರೆಗೆ ಕಾಯಬೇಕಾಗಿ ಬಂದದ್ದು ಆ ಸರಕಾರದ ಹೆಗ್ಗಳಿಕೆಯ ಸಂಗತಿಯಂತೂ ಅಲ್ಲ.

1996ರ ಸಾಲನ್ನು ಕಂಡು ನಕ್ಕವರೂ ಇದ್ದಿರಬೇಕು. ನೆಲೆಸುವ ಹಕ್ಕಿಲ್ಲದ ಪಾಸ್‌ಪೋರ್ಟಿಗೆ ಇಷ್ಟು ಪಾಡೇ ಎಂದು. 2021ರ ಜನವರಿ 31ರಿಂದ ಬ್ರಿಟನ್ ಬಿಎನ್‌ಓ ಸ್ಥಾನದವರಿಗೆ ಮತ್ತು ಅವರ ಕುಟುಂಬಕ್ಕೆ ಅಲ್ಲಿಗೆ ಬಂದು ದುಡಿಯುವ, ಮುಂದೆ ಖಾಯಂ ನೆಲೆಸುವ ವೀಸಾ ಮಾರ್ಗವನ್ನು ತೆರೆಯಿತು. ಚೀನಾ ಅದೇ ದಿನದಿಂದ ಆ ಪಾಸ್‌ಪೋರ್ಟಿಗೆ ಮನ್ನಣೆ ನಿಲ್ಲಿಸಿತು. ಕ್ರೀಡಾಂಗಣದಲ್ಲಿ ಒಂದು ರಾತ್ರಿ ನಿಂತವನ ಕಾಗದಕ್ಕೆ 25 ವರ್ಷಗಳ ನಂತರ ಬೆಲೆ ಬಂದಿತು. ಆಡಳಿತ ಬದಲಾಗುವಾಗ ಕೈತಪ್ಪಿದ ಕಾಗದದ ನಷ್ಟವನ್ನು ಅದೇ ವರ್ಷದ ಲೆಕ್ಕದಲ್ಲಿ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅರ್ಜಿಯೇ ಬೇಡವಾದ ಪಕ್ಷ

ಸರತಿ ಸಾಲನ್ನು ನಿಭಾಯಿಸುವುದಕ್ಕಿಂತ ಮೇಲಾದ ಒಂದು ದಾರಿಯನ್ನು ನಮ್ಮ ದೇಶ ಎರಡು ಸಲ ತೋರಿಸಿದೆ. ಸಂವಿಧಾನದ 5ನೇ ಅನುಚ್ಛೇದದ ಪ್ರಕಾರ ಇಲ್ಲಿಯೇ ನೆಲೆಯಿದ್ದು, ಇಲ್ಲಿ ಹುಟ್ಟಿದವರು, ಇಲ್ಲಿ ಹುಟ್ಟಿದ ತಂದೆತಾಯಿಯ ಮಕ್ಕಳು, ಐದು ವರ್ಷ ಇಲ್ಲಿ ವಾಸವಿದ್ದವರು ಯಾವ ಅರ್ಜಿಯೂ ಇಲ್ಲದೆ ಪೌರರಾದರು. ಪಾಕಿಸ್ತಾನದಿಂದ 1948ರ ಜುಲೈ 19ರ ನಂತರ ಬಂದವರು ಮಾತ್ರ ಸಂವಿಧಾನ ಜಾರಿಗೆ ಬರುವ ಮುನ್ನ ಅಧಿಕಾರಿಯ ಮುಂದೆ ಅರ್ಜಿ ಸಲ್ಲಿಸಿ ನೋಂದಾಯಿಸಿಕೊಳ್ಳಬೇಕಿತ್ತು. ಅದಕ್ಕೂ ಮೊದಲು ಆರು ತಿಂಗಳ ವಾಸ ಆಗಿರಬೇಕಿತ್ತು. ಕೋಟ್ಯಂತರ ಜನರ ಪೈಕಿ ಅರ್ಜಿಯ ಹೊರೆ ಬಿದ್ದದ್ದು ಒಂದು ವರ್ಗದ ಮೇಲೆ ಮಾತ್ರ.

ಕಾರವಾರದಾಚೆಯ ಗೋವೆಯದೂ ಇದೇ ಕ್ರಮ. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದ ಮೇಲೆ 1962ರ ಪೌರತ್ವ ಆದೇಶ ಬಂದಿತು. 1961ರ ಡಿಸೆಂಬರ್ 20ಕ್ಕೆ ಮುಂಚೆ ಅಲ್ಲಿ ತಾನಾಗಲಿ, ತಂದೆತಾಯಿಯಾಗಲಿ, ಅಜ್ಜ ಅಜ್ಜಿಯಾಗಲಿ ಹುಟ್ಟಿದ್ದರೆ ಆ ವ್ಯಕ್ತಿ ಅಂದಿನಿಂದ ಭಾರತದ ಪೌರನೆಂದು ಭಾವಿಸಲಾಯಿತು. ಬೇಡವೆನ್ನುವವರು ಒಂದು ತಿಂಗಳೊಳಗೆ ಹಾಗೆಂದು ಘೋಷಣೆ ಸಲ್ಲಿಸಬೇಕು. ಬೇಕೆನ್ನುವವನು ಕಚೇರಿಗೆ ಬರಬೇಕಾಗಿಲ್ಲ, ಬೇಡವೆನ್ನುವವನು ಬರಬೇಕು. ಬೇಡವೆನ್ನುವವರು ಎಂದಿಗೂ ಕಡಿಮೆ.

ಇನ್ನು ನಮ್ಮ ಊರಿನ ವಿಚಾರ. ಸೋಲದೇವನಹಳ್ಳಿಯ ಬಾಡಿಗೆ ಮನೆಗಳಲ್ಲಿ ಇರುವ ಆಫ್ರಿಕಾದ ಹಲವು ದೇಶಗಳ ವಿದ್ಯಾರ್ಥಿಗಳು ತಮ್ಮ ವಾಸದ ಪರವಾನಗಿಗಾಗಿ 2018ರಿಂದ ಬಹುಮಟ್ಟಿಗೆ ಅಂತರ್ಜಾಲದಲ್ಲಿಯೇ ಅರ್ಜಿ ಸಲ್ಲಿಸುತ್ತಾರೆ. ಕರೆದಾಗಷ್ಟೇ ವಿದೇಶಿಯರ ನೋಂದಣಿ ಕಚೇರಿಗೆ ಹೋದರಾಯಿತು. ಅವರಿಗೆ ಮನೆ ಕೊಟ್ಟ ಮಾಲೀಕನೋ ತನ್ನ ಸ್ವತ್ತಿನ ಕಾಗದಕ್ಕೆ ಮೂರು ಕಚೇರಿ ಅಲೆಯುತ್ತಾನೆ. ವಿದೇಶಿಗೆ ಇರುವ ಅನುಕೂಲ ಸ್ಥಳೀಕನಿಗೆ ಇಲ್ಲವೆಂಬ ಮಾತು ಸ್ವಲ್ಪ ಅತಿಶಯವೆನ್ನಿಸಿದರೂ ಸುಳ್ಳಲ್ಲ.

2007ರ ಜನವರಿಯಲ್ಲಿ ಯಲಹಂಕ, ದಾಸರಹಳ್ಳಿ, ಬ್ಯಾಟರಾಯನಪುರ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಿ ಬೃಹತ್ ಪಾಲಿಕೆ ರಚಿಸಲಾಯಿತು. ಪಂಚಾಯತಿಯ ಖಾತಾ ಹಿಡಿದಿದ್ದವರು ಪಾಲಿಕೆಯ ಕಚೇರಿಗೆ ಬಂದರು. ಎ ಖಾತಾ, ಬಿ ಖಾತಾ ಎಂಬ ಭೇದದ ಗೋಜಲು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಸ್ವತ್ತಿನ ಮೇಲೆ ಸಾಲ ಕೇಳುವ ಸಣ್ಣ ಉದ್ಯಮಿಗೆ ಬ್ಯಾಂಕಿನ ವಕೀಲರು ಮೊದಲು ಕೇಳುವ ಪ್ರಶ್ನೆಯೇ ಅದು. 2024ರ ಅಕ್ಟೋಬರ್ ವೇಳೆಗೆ ಸ್ವತ್ತಿನ ನೋಂದಣಿಗೆ ಇ–ಖಾತಾ ಕಡ್ಡಾಯವಾಯಿತು. ಪಾಲಿಕೆ 20 ಲಕ್ಷಕ್ಕೂ ಹೆಚ್ಚು ಸ್ವತ್ತುಗಳ ಕರಡು ಇ–ಖಾತಾವನ್ನು ಅಂತರ್ಜಾಲದಲ್ಲಿ ಮುಂದಾಗಿ ಪ್ರಕಟಿಸಿದ್ದು ಗೋವೆಯ ಕ್ರಮಕ್ಕೆ ಹತ್ತಿರವಾದ ಹೆಜ್ಜೆ, ಮೆಚ್ಚತಕ್ಕದ್ದು. ಆದರೆ ಕರಡನ್ನು ಅಂತಿಮಗೊಳಿಸಲು ಮಾಲೀಕನೇ ಆಧಾರ್, ಕ್ರಯಪತ್ರ, ಋಣಭಾರ ಪತ್ರಗಳ ವಿವರ ತುಂಬಬೇಕಾಯಿತು. ನೋಂದಣಿಗೆ ಕಡ್ಡಾಯವೆಂಬ ಷರತ್ತು ಮಾತ್ರ ಎಲ್ಲರ ಮೇಲೂ ಒಂದೇ ದಿನ ಬಿತ್ತು. ತೆರಿಗೆ ಬಾಕಿಯಿಲ್ಲದ, ತಕರಾರಿಲ್ಲದ ಸ್ವತ್ತಿನವನೂ, ಮೂರು ತಲೆಮಾರಿನ ವಿಭಾಗಪತ್ರದ ತೊಡಕಿನವನೂ ಒಂದೇ ಸಾಲಿನಲ್ಲಿ ನಿಂತರು.

ಗಡುವು ತರುವ ನೂಕುನುಗ್ಗಲಿಗೆ 2023ರ ಸೆಪ್ಟೆಂಬರ್ ತಿಂಗಳು ಇನ್ನೂ ಸ್ಪಷ್ಟ ಉದಾಹರಣೆ. ಅಕ್ಟೋಬರ್ 1ರಿಂದ ಸ್ಥಿರಾಸ್ತಿ ಮಾರ್ಗಸೂಚಿ ದರಗಳ ಏರಿಕೆ ಎಂದು ಪ್ರಕಟವಾದ ಕೂಡಲೇ ಉಪನೋಂದಣಾಧಿಕಾರಿ ಕಚೇರಿಗಳು ತುಂಬಿದವು. ಒಂದೇ ದಿನ ರಾಜ್ಯಾದ್ಯಂತ 26,000ದಷ್ಟು ದಸ್ತಾವೇಜುಗಳು ನೋಂದಣಿಯಾಗಿ 300 ಕೋಟಿ ರೂಪಾಯಿಗೂ ಮಿಕ್ಕ ಆದಾಯ ಬಂದಿತು. ಇದನ್ನು ದಾಖಲೆಯೆಂದು ಹೆಮ್ಮೆಯಿಂದ ಹೇಳಿಕೊಳ್ಳಲಾಯಿತು. ಕಚೇರಿಯ ಅವಧಿ ಹೆಚ್ಚಿಸಿ ದುಡಿದ ಸಿಬ್ಬಂದಿಯ ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ದಾಖಲೆಯ ಇನ್ನೊಂದು ಮಗ್ಗುಲಲ್ಲಿ ಕೆಲಸ ಬಿಟ್ಟು ಬೆಳಗಿನಿಂದ ಕಾದ ಕೊಳ್ಳುವವ, ಮಾರುವವ, ಇಬ್ಬಿಬ್ಬರು ಸಾಕ್ಷಿಗಳು ಇದ್ದಾರೆ. ಅವರ ದಿನಗೂಲಿಯನ್ನು ಆದಾಯದಿಂದ ಕಳೆದು ನೋಡಿದವರಿಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿದಾಗ ಸಿಕ್ಕ ಮುನ್ಸೂಚನೆ ಕೆಲವೇ ದಿನಗಳದ್ದು. 60 ಲಕ್ಷ ರೂಪಾಯಿಯ ಷೆಡ್ ಕೊಳ್ಳುವವನಿಗೆ ಶುಲ್ಕ 60,000ದಿಂದ 1,20,000ಕ್ಕೆ ಹೋಯಿತು. ಕ್ರಯದ ಕರಾರು ಮಾಡಿಕೊಂಡು ಬ್ಯಾಂಕಿನ ಸಾಲ ಮಂಜೂರಾತಿಗೆ ಕಾದಿದ್ದವನು ಓಡಿದರೂ ತಲುಪಲಾರ. ಸಾಲದ ಹಂಗಿಲ್ಲದ ದೊಡ್ಡ ಖರೀದಿದಾರ ತಲುಪಬಲ್ಲ. ಏಕಮಾತ್ರ ಗಡುವು ಎಲ್ಲರಿಗೂ ಸಮಾನವೆಂದು ಕಾಣುತ್ತದೆ. ಅದರ ಹೊರೆ ಮಾತ್ರ ಗುಮಾಸ್ತನನ್ನೂ ವಕೀಲನನ್ನೂ ಇಟ್ಟುಕೊಳ್ಳಲಾಗದ ಸಣ್ಣವನ ಬೆನ್ನಿಗೆ. ಉಳಿದ ಲಾಭ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತ ಮಧ್ಯವರ್ತಿಗೆ.

ಇದಕ್ಕೆ ಮದ್ದು ನಮ್ಮ ತೆರಿಗೆ ವ್ಯವಸ್ಥೆಯಲ್ಲಿಯೇ ಇದೆ. ಜಿಎಸ್‌ಟಿ ಜಾಲತಾಣ ಪ್ರತಿ ತಿಂಗಳ 20ರಂದು ಏದುಸಿರು ಬಿಡುತ್ತಿದ್ದ ಕಾಲವನ್ನು ಸದಸ್ಯರು ಮರೆತಿರಲಾರರು. 2020ರ ಜನವರಿಯಲ್ಲಿ ಕೇಂದ್ರ ಸರಕಾರ ಜಿಎಸ್‌ಟಿಆರ್–3ಬಿ ಗಡುವನ್ನು ಮೂರಾಗಿ ಸೀಳಿತು. 5 ಕೋಟಿ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ವಹಿವಾಟಿನವರಿಗೆ 20. ಅದಕ್ಕಿಂತ ಕಡಿಮೆಯವರಿಗೆ ಕರ್ನಾಟಕವೂ ಸೇರಿದ ಒಂದು ಗುಂಪಿನ ರಾಜ್ಯಗಳಲ್ಲಿ 22, ಉಳಿದೆಡೆ 24. ವರ್ತಕರ ಸ್ವಭಾವ ಅದೇ ಉಳಿಯಿತು, ಆದರೆ ಭಾರ ಒಂದು ದಿನದ ಬದಲು ಮೂರು ದಿನಗಳಿಗೆ ಹಂಚಿತು. ಆದಾಯ ತೆರಿಗೆಯಲ್ಲಿ ಲೆಕ್ಕ ತಪಾಸಣೆಗೆ ಒಳಪಡುವವರ ಗಡುವನ್ನು ಬಹುಕಾಲದಿಂದ ಬೇರೆಯಾಗಿಯೇ ಇರಿಸಲಾಗಿದೆ. ತಪಾಸಣೆಯಿಲ್ಲದವರಿಗೆ ಮಾತ್ರ ಜುಲೈ 31 ಎಂಬ ಒಂದೇ ದಿನವಿದ್ದ 2024ರಲ್ಲಿ ಅಲ್ಲಿಯವರೆಗೆ ಬಂದ 7.28 ಕೋಟಿ ವಿವರಪಟ್ಟಿಗಳ ಪೈಕಿ 69.92 ಲಕ್ಷ, ಅಂದರೆ ಹತ್ತರಲ್ಲಿ ಸುಮಾರು ಒಂದು, ಕೊನೆಯ ದಿನವೇ ಬಂದವು. ವಾನ್‌ಚಾಯ್‌ನ ಕ್ರೀಡಾಂಗಣ ಇಲ್ಲಿ ಕಂಪ್ಯೂಟರಿನ ಒಳಗೆ ನೆರೆದಿತ್ತು.

ಖಾತಾ ವಿಚಾರದಲ್ಲಿಯೂ ಹೀಗೆ ಹಂಚುವುದು ಕಷ್ಟವೇನಲ್ಲ. ಸ್ವತ್ತಿನ ಗುರುತು ಸಂಖ್ಯೆಯ ಕೊನೆಯ ಅಂಕೆಯ ಪ್ರಕಾರ ತಿಂಗಳುಗಳನ್ನು ಗೊತ್ತುಮಾಡಬಹುದು. ಸೊನ್ನೆಯವರಿಗೆ ಜನವರಿ, ಒಂದರವರಿಗೆ ಫೆಬ್ರವರಿ, ಹೀಗೆ. ಹುಟ್ಟಿದ ವರ್ಷದಂತೆಯೇ ಈ ಅಂಕೆಯನ್ನೂ ಯಾರೂ ಶಿಫಾರಸಿನಿಂದ ಬದಲಿಸಲಾರರು. ಮಾರಾಟ ಅಥವಾ ಸಾಲದ ತುರ್ತಿರುವವರಿಗೆ ಪ್ರತ್ಯೇಕ ಕಿಟಕಿ ಬೇಕಾಗುತ್ತದೆ, ಅದನ್ನು ದಾಖಲೆ ತೋರಿಸಿದವರಿಗೆ ಮಾತ್ರ ತೆರೆಯಬೇಕು, ಇಲ್ಲವಾದರೆ ಎಲ್ಲರೂ ತುರ್ತಿನವರೇ ಆಗುತ್ತಾರೆ. ದರ ಏರಿಕೆಯಂಥ ಸಂದರ್ಭದಲ್ಲಿ ಕೊನೆಯ ದಿನದೊಳಗೆ ಕಾವೇರಿ 2.0 ತಂತ್ರಾಂಶದಲ್ಲಿ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಿದವನನ್ನು ಸಕಾಲದಲ್ಲಿ ಬಂದವನೆಂದೇ ಪರಿಗಣಿಸಿದರೆ ಅರ್ಧದಷ್ಟು ಜನ ಕಚೇರಿಯ ಅಂಗಳಕ್ಕೆ ಬರುವ ಪ್ರಮೇಯವೇ ಇರದು. ಇದರಿಂದ ಖಜಾನೆಗೆ ಕೆಲವು ದಿನಗಳ ಹೆಚ್ಚುವರಿ ದರ ನಷ್ಟವಾಗಬಹುದೆಂಬ ಆಕ್ಷೇಪವನ್ನು ಹಣಕಾಸು ಇಲಾಖೆ ಎತ್ತುವುದು ಖಂಡಿತ. ಸ್ವೀಕೃತಿಗೂ ವಿಲೇವಾರಿಗೂ ನಡುವೆ ಅಂತರವಿರಬೇಕೆಂಬ ತತ್ತ್ವಕ್ಕೆ ಅಷ್ಟು ಬೆಲೆ ತೆರುವುದು ನ್ಯಾಯವೇ ಆಗಿದೆ.

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಜಾರಿಗೆ ಬಂದು, ಸೆಪ್ಟೆಂಬರ್ 2ರಿಂದ ಬೃಹತ್ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ನಗರ ಬೆಳೆದಂತೆ ಹೆಸರಘಟ್ಟ, ದೊಡ್ಡಬಳ್ಳಾಪುರ, ತುಮಕೂರು ರಸ್ತೆಗಳ ಆಸುಪಾಸಿನ ಊರುಗಳ ಗಡಿಯೂ ಮತ್ತೆ ಚರ್ಚೆಗೆ ಬಾರದೆ ಇರದು. ಐದು ಪಾಲಿಕೆಗಳ ಕರಡು ಅಧಿಸೂಚನೆ ಹೊರಬಿದ್ದದ್ದು 2025ರ ಜುಲೈ 19ರಂದು. ಆಕ್ಷೇಪಣೆಗೆ ಕೊಟ್ಟ ಕಾಲ 30 ದಿನ. ಆ 30 ದಿನಗಳಲ್ಲಿ ಗಡಿ ಎಲ್ಲಿ ಹಾಯಬೇಕು, ಯಾವ ವಾರ್ಡು ಯಾವ ಪಾಲಿಕೆಗೆ ಎಂಬುದೇ ಮುಖ್ಯ ಮಾತಾಗುತ್ತದೆ. ಮುಂದಿನ ಕರಡು ಬಂದಾಗ ಕೈಗಾರಿಕಾ ಸಂಘಗಳು ಬೇರೊಂದು ಪುಟವನ್ನೂ ಸೇರಿಸಿ ಸಲ್ಲಿಸಬೇಕು: ಹಳೆಯ ಖಾತಾ ಮತ್ತು ವ್ಯಾಪಾರ ಪರವಾನಗಿ ಎಷ್ಟು ತಿಂಗಳು ನಡೆಯುತ್ತವೆ, ತಕರಾರಿಲ್ಲದ ಸ್ವತ್ತುಗಳು ಅರ್ಜಿಯಿಲ್ಲದೆ ವರ್ಗವಾಗುತ್ತವೆಯೇ, ಉಳಿದವರ ಸರದಿಪಟ್ಟಿ ಯಾವುದು. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಈ ಪ್ರಶ್ನೆಗಳನ್ನು ಕೇಳಲು ಉಳಿಯುವ ಸ್ಥಳ ಸರತಿ ಸಾಲೊಂದೇ.